ಸನಿಕೆ ಹಿಡಿದು ಗಡಿ ದಾಟಿದವರು

ನಮ್ಮ ಚಿಕ್ಕಜಾಲದ ಮುಂದೆ ಹಾದುಹೋಗುವ ರಸ್ತೆಗೆ ಎರಡು ಹೆಸರು. ಹಳಬರ ಬಾಯಲ್ಲಿ ಅದು ಬಳ್ಳಾರಿ ರಸ್ತೆ. 2008ರ ಮೇ 24ಕ್ಕೆ ದೇವನಹಳ್ಳಿ ಹತ್ತಿರದ ವಿಮಾನ ನಿಲ್ದಾಣ ಶುರುವಾದ ಮೇಲೆ ಬುದ್ಧಿ ಬಂದ ಹುಡುಗರಿಗೆ ಅದು ಏರ್‌ಪೋರ್ಟ್ ರೋಡ್. ಬೆಂಗಳೂರಿಗೆ ಬಂದಿಳಿಯುವ ಪರದೇಶದವರು ನಮ್ಮೂರಿನ ಪಾಳುಕೋಟೆಯ ಪಕ್ಕದಲ್ಲೇ ಸಾಗಬೇಕು. ಹಾಗೆ ಹೋಗುವವರಲ್ಲಿ ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡ ಇಪ್ಪತ್ತು, ಇಪ್ಪತ್ತೆರಡರ ಪ್ರಾಯದವರೂ ಇರುತ್ತಾರೆ. ಅವರಲ್ಲಿ ಕೆಲವರು ಪ್ರವಾಸಕ್ಕೆ ಬಂದವರಲ್ಲ, ಕೂಲಿಯಿಲ್ಲದ ಕೆಲಸಕ್ಕೆ ಬಂದವರು. ಕುಂದಾಪುರದ ಕಡಲತೀರದಲ್ಲಿ ಆಮೆ ಮೊಟ್ಟೆ ಕಾಯುವುದಕ್ಕೋ, ಯಾವುದೋ ಹಳ್ಳಿ ಶಾಲೆಗೆ ಬಣ್ಣ ಬಳಿಯುವುದಕ್ಕೋ ಎರಡು ಮೂರು ವಾರದ ಮಟ್ಟಿಗೆ ಬಂದಿರುತ್ತಾರೆ.

ಇದಕ್ಕೆ ವರ್ಕ್‌ಕ್ಯಾಂಪ್ ಅನ್ನುತ್ತಾರೆ. ಹತ್ತು ಹದಿನೈದು ಜನ, ನಾಲ್ಕೈದು ದೇಶದವರು, ಒಂದೇ ಸೂರಿನಡಿ ಇದ್ದು, ತಾವೇ ಅಡುಗೆ ಮಾಡಿಕೊಂಡು, ಊರಿಗೆ ಬೇಕಾದ ಒಂದು ಕೆಲಸ ಮಾಡಿಕೊಡುವುದು. ವಸತಿ, ಊಟ ಶಿಬಿರದ್ದು. ದಾರಿ ಖರ್ಚು ಅವರವರದ್ದು. ಸಂಬಳ ಇಲ್ಲ. ಈಚೆಗೆ ನಮ್ಮ ಮಕ್ಕಳೂ ಹೀಗೆ ಹೊರದೇಶಕ್ಕೆ ಹೋಗುವ ಆಸೆ ಇಟ್ಟುಕೊಂಡಿದ್ದಾರೆ. ‘ಇದೇನಪ್ಪಾ, ದುಡ್ಡು ಕೊಟ್ಟು ಕೂಲಿ ಮಾಡೋಕೆ ಹೋಗ್ತಾರಾ?’ ಅಂತ ಕೇಳುವ ಹಿರಿಯರಿಗೆ ಉತ್ತರ ಹೇಳಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಫ್ರಾನ್ಸಿನ ವರ್ದೂನ್. 1916ರಲ್ಲಿ ಅಲ್ಲಿ ಸುಮಾರು ಹತ್ತು ತಿಂಗಳು ನಡೆದ ಕದನದಲ್ಲಿ ಎರಡೂ ಕಡೆಯಿಂದ ಮೂರು ಲಕ್ಷದಷ್ಟು ಸೈನಿಕರು ಸತ್ತರು. ಸುತ್ತಲಿನ ಹಳ್ಳಿಗಳು ನೆಲಸಮವಾದವು. ಯುದ್ಧ ಮುಗಿದ ಮೇಲೆ ಹಾಲೆಂಡಿನ ಬಿಲ್ತೋವನ್ ಎಂಬಲ್ಲಿ ಶಾಂತಿವಾದಿಗಳ ಸಭೆಗಳು ನಡೆದವು. ಮಾತು, ನಿರ್ಣಯ, ಮತ್ತೆ ಮಾತು. 1920ರ ಸಭೆಯಲ್ಲಿ ಒಬ್ಬ ಜರ್ಮನ್ ಎದ್ದು ನಿಂತ. ತನ್ನ ಅಣ್ಣತಮ್ಮಂದಿರು ಕೆಡವಿದ್ದನ್ನು ಕಟ್ಟಿಕೊಡೋಕೆ ತಾನು ತಯಾರು ಅಂದ. ಆ ಮಾತನ್ನು ಹಿಡಿದುಕೊಂಡವನು ಸಭೆಯಲ್ಲಿದ್ದ ಸ್ವಿಸ್ ಎಂಜಿನಿಯರ್ ಪಿಯರ್ ಸೆರೆಸೋಲ್.

ಈ ಸೆರೆಸೋಲ್ ಸಾಮಾನ್ಯನ ಮಗನಲ್ಲ. ಅವನ ತಂದೆ ಪಾಲ್ ಸೆರೆಸೋಲ್ 1873ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರು. ಮಗ ತನ್ನ ಪಾಲಿಗೆ ಬಂದ ಆಸ್ತಿಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟ. ಅಮೆರಿಕ, ಹವಾಯಿ, ಜಪಾನ್ ಅಂತ ದುಡಿದು ತಿಂದು ಬಂದ. ಯುದ್ಧದ ಕಾಲದಲ್ಲಿ ಸೇನೆಯ ಬಾಬತ್ತಿನ ತೆರಿಗೆ ಕಟ್ಟಲ್ಲ ಅಂತ ಹೇಳಿ ಜೈಲು ಸೇರಿದ. ಸೇನೆಗೆ ಹೋಗದವನು ಹೇಡಿ ಅಲ್ಲ, ದೇಶಕ್ಕೆ ದುಡಿಯಲು ಬೇರೆ ದಾರಿಯೂ ಇದೆ ಅಂತ ತೋರಿಸಬೇಕು ಅನ್ನುವುದು ಅವನ ಹಟ.

1920ರ ನವೆಂಬರಿನಲ್ಲಿ ವರ್ದೂನ್ ಬಳಿಯ ಎನ್ ಅನ್ನುವ ಹಳ್ಳಿಯಲ್ಲಿ ಮೊದಲ ಶಿಬಿರ ಶುರುವಾಯಿತು. ಬೆರಳೆಣಿಕೆಯಷ್ಟು ಜನ. ಅವರಲ್ಲಿ ಜರ್ಮನ್ನರೂ ಇದ್ದರು, ಇಂಗ್ಲಿಷ್ ಕ್ವೇಕರ್ ಹ್ಯೂಬರ್ಟ್ ಪ್ಯಾರಿಸ್ ಇದ್ದ, ಸೆರೆಸೋಲನ ಅಣ್ಣತಮ್ಮಂದಿರಲ್ಲೊಬ್ಬನಾದ ಅರ್ನೆಸ್ಟ್ ಕೂಡ ಇದ್ದ. ತಮಾಷೆ ಏನಂದರೆ ಈ ಅರ್ನೆಸ್ಟ್ ಸ್ವಿಸ್ ಸೇನೆಯ ಕರ್ನಲ್! ಮಂಜು ಸುರಿಯುವ ಚಳಿಯಲ್ಲಿ ಗುಡಿಸಲು ಕಟ್ಟಿದರು, ಗುಂಡುಬಿದ್ದು ಆದ ಹಳ್ಳಗಳನ್ನು ಮುಚ್ಚಿದರು, ರಸ್ತೆ ಸರಿಮಾಡಿದರು. ಊರಿನವರು ಮೊದಮೊದಲು ದೂರ ನಿಂತರು, ಆಮೇಲೆ ಹತ್ತಿರ ಬಂದರು. ಅಡ್ಡಿ ಬಂದದ್ದು ಮೇಲಿನವರಿಂದ. ಫ್ರಾನ್ಸಿನ ನೆಲದಲ್ಲಿ ಜರ್ಮನ್ನರಿಗೇನು ಕೆಲಸ ಅನ್ನುವ ವಿರೋಧಕ್ಕೆ ಮಣಿದು 1921ರ ಏಪ್ರಿಲ್‌ನಲ್ಲಿ ಶಿಬಿರ ಮುಚ್ಚಬೇಕಾಯಿತು. ಲೆಕ್ಕ ಹಾಕಿದರೆ ಐದಾರು ತಿಂಗಳಲ್ಲಿ ಆದ ಕೆಲಸ ಬಹಳ ಕಡಿಮೆ. ಕೂಲಿಯವರನ್ನು ಇಟ್ಟಿದ್ದರೆ ಇನ್ನೂ ಬೇಗ ಆಗುತ್ತಿತ್ತು. ಆದರೆ ನಿನ್ನೆ ಗುಂಡು ಹಾರಿಸಿದ ದೇಶದವನು ಇವತ್ತು ಅದೇ ಊರಿನಲ್ಲಿ ಮಣ್ಣು ಹೊರುತ್ತಿದ್ದಾನೆ ಅನ್ನುವುದನ್ನು ಕೂಲಿ ಕೊಟ್ಟು ಕೊಂಡುಕೊಳ್ಳಲು ಆಗುತ್ತಿರಲಿಲ್ಲ.

ಅಲ್ಲಿಂದ ಬೆಳೆದದ್ದು ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್. 1928ರಲ್ಲಿ ಲಿಖ್ಟೆನ್‌ಸ್ಟೈನ್ ಅನ್ನುವ ಪುಟ್ಟ ದೇಶದಲ್ಲಿ ರೈನ್ ನದಿಯ ಪ್ರವಾಹ ಹೊಲಗಳ ಮೇಲೆ ಬಿಟ್ಟುಹೋಗಿದ್ದ ಕಲ್ಲುಮಣ್ಣು ತೆಗೆಯಲು ಏಳುನೂರಕ್ಕೂ ಹೆಚ್ಚು ಸ್ವಯಂಸೇವಕರು ಬಂದರು. ಸಂಸ್ಥೆಯ ಗುರುತಿನ ಚಿತ್ರದಲ್ಲಿ ಇರುವುದು ಮುರಿದ ಕತ್ತಿ, ಅದರ ಮೇಲೊಂದು ಸನಿಕೆ. 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕದ ಏರ್ ಷೋ ಬಂದಾಗ ತಲೆಮೇಲೆ ಯುದ್ಧವಿಮಾನ ಗುಡುಗುವುದನ್ನು ಕೇಳಿ ಬೆಳೆದ ನಮ್ಮ ಕಡೆಯ ಹುಡುಗರಿಗೆ ಆ ಚಿತ್ರ ವಿಚಿತ್ರ ಅನ್ನಿಸಬಹುದು. ನನಗೂ ಅನ್ನಿಸಿತ್ತು.

ಸೆರೆಸೋಲ್ ನಮ್ಮ ದೇಶಕ್ಕೂ ಬಂದ. 1931ರ ಡಿಸೆಂಬರಿನಲ್ಲಿ ಗಾಂಧೀಜಿ ದುಂಡು ಮೇಜಿನ ಪರಿಷತ್ತು ಮುಗಿಸಿ, ರೊಮೇ ರೋಲಾರನ್ನು ನೋಡಲು ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗಲೇ ಇಬ್ಬರಿಗೂ ಪರಿಚಯ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪ ಆಯಿತು. ಬಿಹಾರ ಒಂದರಲ್ಲೇ ಏಳು ಸಾವಿರಕ್ಕೂ ಹೆಚ್ಚು ಸಾವು. ನೆಲ ಬಿರಿದು ಒಳಗಿನ ಮರಳು ಉಕ್ಕಿ ಹೊಲದ ಮೇಲೆ ಹರಡಿತು. ಕೆಲವು ಕಡೆ ನೆಲವೇ ಕುಸಿದು, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗವಾಯಿತು. ಜೈಲಿನಿಂದ ಬಿಡುಗಡೆಯಾದ ಬಾಬು ರಾಜೇಂದ್ರ ಪ್ರಸಾದ್ ಪರಿಹಾರ ಸಮಿತಿ ಕಟ್ಟಿದರು. ಸೆರೆಸೋಲ್ ಅದೇ ವರ್ಷ ಬಂದು ನೋಡಿಕೊಂಡು ಹೋಗಿ, ಮತ್ತೆ ಜೊತೆಗಾರರೊಂದಿಗೆ ಬಂದ. ಜೋ ವಿಲ್ಕಿನ್ಸನ್, ಪಾಲ್ ಶೆಂಕರ್, ಫ್ರೇಸರ್ ಹೋಯ್ಲಂಡ್. ಮುಜಫರ್‌ಪುರದ ಕಡೆ ಪ್ರವಾಹಕ್ಕೆ ಸಿಕ್ಕುವ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ ಮನೆ ಕಟ್ಟುವುದು ಕೆಲಸ. 1937ರವರೆಗೂ ನಡೆಯಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಬಿಹಾರದಲ್ಲಿ ಮಣ್ಣು ಹೊರುವ ಕೈಗಳಿಗೆ ಬರವೇ? ದಿನಕ್ಕೆ ಒಂದೆರಡು ಆಣೆಗೂ ಕೂಲಿಯವರು ಸಿಗುತ್ತಿದ್ದ ಕಾಲ. ನಾಲ್ಕು ಜನ ಪರದೇಶಿಗಳ ಎಂಟು ಕೈಯಿಂದ ಎಷ್ಟು ಮಣ್ಣು ಸಾಗೀತು? ಅವರು ಉಪಯೋಗಕ್ಕೆ ಬಂದದ್ದು ಬೇರೆ ಎರಡು ರೀತಿಯಲ್ಲಿ. ಒಂದು, ಬ್ರಿಟಿಷ್ ಅಧಿಕಾರಿಗಳಿಗೂ ಕಾಂಗ್ರೆಸ್ಸಿನವರಿಗೂ ಮುಖ ಕೊಟ್ಟು ಮಾತಾಡುವುದೇ ಕಷ್ಟವಾಗಿದ್ದಾಗ ಇಬ್ಬರ ಜೊತೆಗೂ ಕೂತು ಕೆಲಸ ಮುಂದೆ ಸಾಗಿಸಬಲ್ಲವರು ಇವರಾದರು. ಇನ್ನೊಂದು, ಓದಿದವನು, ಅದರಲ್ಲೂ ಬಿಳಿಯ, ಸನಿಕೆ ಹಿಡಿದು ಕೆಸರಿಗೆ ಇಳಿದದ್ದು. ಓದಿದವನು ಮೈ ಬಗ್ಗಿಸಬಾರದು ಅನ್ನುವ ಜಾತಿಯ ಲೆಕ್ಕಾಚಾರ ನಮ್ಮಲ್ಲಿ ಎಷ್ಟು ಗಟ್ಟಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ದೇಶ ಇಬ್ಭಾಗವಾದ ಮೇಲೆ ಈ ಸಂಸ್ಥೆಯವರು ಮತ್ತೆ ಬಂದರು. 1950ರಲ್ಲಿ ದೆಹಲಿ ಹತ್ತಿರದ ಫರೀದಾಬಾದಿನಲ್ಲಿ, ವಾಯವ್ಯ ಗಡಿನಾಡಿನಿಂದ ಓಡಿಬಂದ ನಿರಾಶ್ರಿತರು ತಮ್ಮ ಊರನ್ನು ತಾವೇ ಕಟ್ಟಿಕೊಳ್ಳುತ್ತಿದ್ದ ಜಾಗಕ್ಕೆ. ಆ ಊರಿನ ಹಿಂದೆ ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರೂ ಅವರು 1948ರಲ್ಲಿ ಕಟ್ಟಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ನೂ ಇದ್ದವು. ಸರ್ಕಾರ ಕಟ್ಟಿಕೊಟ್ಟ ಮನೆಯಲ್ಲಿ ಕೂರುವುದಲ್ಲ, ಕೂಲಿಯನ್ನೂ ಊರನ್ನೂ ನಿರಾಶ್ರಿತರೇ ಗಳಿಸಬೇಕು ಅನ್ನುವುದು ಅವರ ಪಟ್ಟು.

ಇದೇ ಹೊತ್ತಿಗೆ ದೇಶದೊಳಗೂ ಒಂದು ಚರ್ಚೆ ನಡೆದಿತ್ತು. ಕಾಲೇಜು ಹುಡುಗರು ಸ್ವಲ್ಪ ಕಾಲ ಮೈಮುರಿದು ದುಡಿಯಬೇಕೋ ಬೇಡವೋ? ಕಡ್ಡಾಯ ಮಾಡಿ ಅಂದಿತು ಸಿ.ಡಿ. ದೇಶಮುಖ್ ಸಮಿತಿ, 1959ರಲ್ಲಿ. ಮಾರನೇ ವರ್ಷ ಕೆ.ಜಿ. ಸೈಯದೈನ್ ಹಲವು ದೇಶಗಳ ಪದ್ಧತಿ ನೋಡಿಬಂದು ಕಡ್ಡಾಯ ಬೇಡ, ಇಷ್ಟಪಟ್ಟವರು ಮಾಡಲಿ ಅಂದರು. ಕೊನೆಗೆ 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರುವಾಯಿತು. ಶುರುಮಾಡಿದ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್. ಅವರು ಆಗ ಬಳ್ಳಾರಿಯ ಲೋಕಸಭಾ ಸದಸ್ಯರು. ಬೆಂಗಳೂರಿನಲ್ಲಿ 1972ರಲ್ಲಿ ಐಸೆಕ್ ಸಂಸ್ಥೆ ಕಟ್ಟಿದವರೂ ಅವರೇ.

ನಾನೂ ಆ ಎನ್‌ಎಸ್‌ಎಸ್‌ನ ಫಸಲೇ. ಡಿಗ್ರಿಯಲ್ಲಿದ್ದಾಗ ದೇವನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಹತ್ತು ದಿನದ ಶಿಬಿರ. ಕೆರೆಗೆ ನೀರು ತರುವ ರಾಜಕಾಲುವೆಯ ಹೂಳು ತೆಗೆಯುವ ಕೆಲಸ. ಮೂರನೇ ದಿನ ಒಬ್ಬ ಅಜ್ಜಿ ಬಂದು ನಮ್ಮ ಕೈ ಬೊಬ್ಬೆ ನೋಡಿ, ‘ಯಾವ ತಪ್ಪಿಗಪ್ಪಾ ನಿಮಗೆ ಈ ದಂಡ?’ ಅಂತ ಕೇಳಿತು. ನಾವು ನಕ್ಕೆವು. ಅಜ್ಜಿ ನಗಲಿಲ್ಲ. ಅದರ ಕಾಲದಲ್ಲಿ ಕೂಲಿಯಿಲ್ಲದ ದುಡಿಮೆಗೆ ಒಂದೇ ಹೆಸರು, ಬಿಟ್ಟಿ ಚಾಕರಿ. ಅಮಲ್ದಾರರು ಬಂದರೆ, ಪಟೇಲರು ಹೇಳಿದರೆ, ಕೇರಿಯವರು ಹೋಗಿ ಮಾಡಿಬರಬೇಕಾದದ್ದು.

ಶ್ರಮದಾನದ ಹಿರಿಮೆ ಹೇಳುವವರು ಆ ಅಜ್ಜಿಯ ಪ್ರಶ್ನೆ ಮರೆಯಬಾರದು. ನಮ್ಮ ಸೀಮೆಯಲ್ಲಿ ಕೆಲಸ ಕೊಡುವ, ಪಡೆಯುವ ಮೂರು ಬಗೆ ಇದ್ದವು. ಒಂದು ಈ ಬಿಟ್ಟಿ. ಇನ್ನೊಂದು ಮುಯ್ಯಾಳು: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮೂರನೆಯದು ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗಿ: ಕೆರೆ ಕಟ್ಟಿದವನಿಗೆ, ಕಾಪಾಡುವವನಿಗೆ ಬಿಟ್ಟುಕೊಟ್ಟ ಜಮೀನು. ಬಿಟ್ಟಿ ಒಂದನ್ನು ಬಿಟ್ಟರೆ ಉಳಿದ ಎರಡರಲ್ಲೂ ದುಡಿಮೆಗೆ ಪ್ರತಿಫಲ ಇದೆ, ದುಡಿದವನಿಗೆ ಮರ್ಯಾದೆ ಇದೆ.

ಅಂತರರಾಷ್ಟ್ರೀಯ ಶಿಬಿರಗಳನ್ನು ತೂಗಿ ನೋಡಲು ನನಗೆ ಸಿಕ್ಕ ತಕ್ಕಡಿ ಇದೇ, ಮುಯ್ಯಾಳು. ನೀವು ನಮ್ಮೂರಿಗೆ ಬಂದಷ್ಟೇ ಸಲೀಸಾಗಿ ನಾವು ನಿಮ್ಮೂರಿಗೆ ಬರುವುದಕ್ಕೆ ಆಗುತ್ತದೆಯೇ? ಭಾರತದ ಇ-ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೆ ಒಂದು ತಿಂಗಳವರೆಗೆ ಅವಕಾಶ ಇದೆ. ಅರ್ಜಿ ಆನ್‌ಲೈನ್. ನಮ್ಮ ಹುಡುಗರು ಯುರೋಪಿಗೆ ಹೋಗಬೇಕಾದರೆ ಷೆಂಗೆನ್ ವೀಸಾ, ಕನಿಷ್ಠ 30,000 ಯೂರೋ ಮೊತ್ತದ ವಿಮೆ, ಬ್ಯಾಂಕ್ ಲೆಕ್ಕ, ವಾಪಸ್ ಬರುತ್ತೀಯ ಅನ್ನುವುದಕ್ಕೆ ಪುರಾವೆ. ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳಿಗೆ ಯುರೋಪಿನ ಒಂದು ದೇಶದ ಶಿಬಿರದಿಂದ ಆಹ್ವಾನ ಬಂತು. ಹಳೇ ಕಲ್ಲುಗೋಡೆ ದುರಸ್ತಿ ಮಾಡುವ ಕೆಲಸ. ಅಪ್ಪನ ಪಾಸ್‌ಬುಕ್ಕಿನಲ್ಲಿ ಡೇರಿ ಹಾಲಿನ ದುಡ್ಡು ಬಿಟ್ಟು ಬೇರೇನೂ ಇರಲಿಲ್ಲ. ವೀಸಾ ಸಿಗಲಿಲ್ಲ. ದಿನಾ ತಲೆಮೇಲೆ ವಿಮಾನ ಹಾರುವ ಊರಿನ ಹುಡುಗಿ ಅವಳು.

ಇನ್ನೊಂದು ತೊಡಕು ಕೆಲಸದ್ದೇ. 1968ರಲ್ಲಿ ಇವಾನ್ ಇಲಿಚ್, ಮೆಕ್ಸಿಕೋದಲ್ಲಿ ಬೇಸಿಗೆ ಸೇವೆಗೆ ಬಂದಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು: ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡುತ್ತೇವೆ ಅಂತ ಮಾತ್ರ ಬರಬೇಡಿ. ಆಮೇಲಿನ ವರ್ಷಗಳಲ್ಲಿ ಅವರ ಮಾತು ನಿಜವಾಯಿತು. ಕಾಂಬೋಡಿಯಾ, ನೇಪಾಳಗಳಲ್ಲಿ ವಿದೇಶಿ ಸ್ವಯಂಸೇವಕರ ದುಡ್ಡಿಗಾಗಿಯೇ ಅನಾಥಾಲಯಗಳು ಹುಟ್ಟಿಕೊಂಡವು, ಅಪ್ಪ ಅಮ್ಮ ಇರುವ ಮಕ್ಕಳನ್ನೇ ತಂದು ಅಲ್ಲಿ ತುಂಬಿದರು. ಕಲ್ಲುಮಣ್ಣಿನ ಕೆಲಸ ಎರಡು ವಾರಕ್ಕೆ ನಿಲ್ಲಿಸಬಹುದು. ಮಗುವಿನ ಮೇಲಿನ ಅಕ್ಕರೆಯನ್ನು ಎರಡು ವಾರಕ್ಕೆ ನಿಲ್ಲಿಸಿ ವಿಮಾನ ಹತ್ತುವುದು ಬೇರೆ ಮಾತು.

ಹಾಗಂತ ಇಡೀ ಪರಂಪರೆಯನ್ನೇ ತೆಗೆದು ಬಿಸಾಕಲು ನನಗೆ ಮನಸ್ಸಿಲ್ಲ. ಸೆರೆಸೋಲ್ 1945ರಲ್ಲಿ ತೀರಿಕೊಂಡ. ಅದಕ್ಕೆ ಮುಂಚೆ ಎರಡನೇ ಮಹಾಯುದ್ಧದ ನಡುವೆ, ಜರ್ಮನ್ನರ ಜೊತೆ ಮಾತಾಡಿ ಬರುತ್ತೇನೆ ಅಂತ ಕಾಗದಪತ್ರ ಇಲ್ಲದೆ ಗಡಿ ದಾಟಿ ಮತ್ತೆ ಜೈಲು ಕಂಡಿದ್ದ. ಸೇನೆಗೆ ಬದಲು ನಾಗರಿಕ ಸೇವೆ ಅನ್ನುವ ಅವನ ಬೇಡಿಕೆ ಸ್ವಿಟ್ಜರ್ಲೆಂಡಿನಲ್ಲಿ ಕಾನೂನಾಗಿ ಜಾರಿಗೆ ಬಂದದ್ದು 1996ರಲ್ಲಿ. ಅವನು ಸತ್ತು ಐವತ್ತು ವರ್ಷ ದಾಟಿತ್ತು.

ಆದ್ದರಿಂದ ಹೋಗಬೇಕು ಅನ್ನುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಹಣ ಕಟ್ಟುವ ಮೊದಲು ಕೇಳಿ: ಈ ಕೆಲಸ ಬೇಕು ಅಂದವರು ಯಾರು, ಊರಿನವರೋ ಏಜೆಂಟರೋ? ನಾವು ಹೊರಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಊರಿನವರು ನಮ್ಮ ಜೊತೆ ಸನಿಕೆ ಹಿಡಿಯುತ್ತಾರೋ, ದೂರ ನಿಂತು ಫೋಟೋ ತೆಗೆಯುತ್ತಾರೋ? ಉತ್ತರ ಸರಿ ಇದ್ದರೆ ಹೋಗಿಬನ್ನಿ. ಪಕ್ಕದ ಬೀದಿಯ ಹುಡುಗಿ ಈ ಸಲ ವಿಮೆ, ಲೆಕ್ಕಪತ್ರ ಎಲ್ಲ ಮೊದಲೇ ಜೋಡಿಸಿಕೊಂಡು ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಅಪ್ಪ ಮೊದಲು ಬೇಡ ಅನ್ನುತ್ತಿದ್ದವರು, ಈಗ, ‘ಗೋಡೆ ಕಟ್ಟೋದು ಕಲ್ತು ಬರ್ಲಿ ಬಿಡಿ, ನಮ್ ಕೋಟೆ ಗೋಡೆನೂ ಬಿದ್ದೋಗದೆ’ ಅನ್ನುತ್ತಾರೆ.