ತಗಡಿನಲ್ಲಿ ಕೊರೆದ ಅಕ್ಷರಗಳು

ಅಕ್ಕಿಯ ಮೂಟೆಗಳ ಮೇಲೆ, ಸರಕಿನ ಪೆಟ್ಟಿಗೆಗಳ ಮೇಲೆ ಮಸಿಯಿಂದ ಮೂಡಿಸಿದ ಹೆಸರುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆ ಅಕ್ಷರಗಳು ಅಲ್ಲಲ್ಲಿ ತುಂಡಾಗಿರುತ್ತವೆ. ತೆಳುವಾದ ತಗಡಿನಲ್ಲಿ ಅಕ್ಷರದ ಆಕಾರವನ್ನು ಕೊರೆದು, ಆ ಕಂಡಿಯ ಮೇಲೆ ಮಸಿಯ ಕುಂಚವನ್ನಾಡಿಸುವ ಈ ವಿದ್ಯೆಯನ್ನು ಬರಿಯ ಮಂಡಿಯ ಕೆಲಸವೆಂದೇ ನಾವು ಬಹುಕಾಲ ಎಣಿಸಿದ್ದೆವು. ಒಂದು ಕಾಲದಲ್ಲಿ ಇದು ಯೂರೋಪಿನ ದೇವಾಲಯಗಳಲ್ಲಿ ದೇವಸ್ತುತಿಯ ಸೇವೆಗೆ ನಿಂತಿತ್ತೆಂಬುದನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ನಮ್ಮ ಭಕ್ತಾದಿಗಳಿಗೆ ತಿಳಿಸಬಯಸುತ್ತೇವೆ.

ಅಂದಿನ ಮಠಗಳಲ್ಲಿ ಗಾನವೃಂದದವರೆಲ್ಲ ಎತ್ತರದ ಪೀಠದ ಮೇಲಿರಿಸಿದ ಒಂದೇ ಗ್ರಂಥವನ್ನು ನೋಡಿ ಹಾಡುತ್ತಿದ್ದರು. ದೂರದಿಂದಲೂ ಕಾಣಬೇಕಾದ್ದರಿಂದ ಅಕ್ಷರಗಳೂ ಸ್ವರಚಿಹ್ನೆಗಳೂ ಬಲು ದೊಡ್ಡವಾಗಿರಬೇಕಿತ್ತು. ಆ ಗಾತ್ರದ ಸೀಸದ ಮೊಳೆಗಳನ್ನು ಎರಕ ಹೊಯ್ಯಿಸಿ ಒಂದೆರಡೇ ಪ್ರತಿಗಳನ್ನು ಮುದ್ರಿಸುವುದು ಯಾವ ಮಠಕ್ಕೆ ತಾನೇ ನಿಲುಕೀತು? ಆದುದರಿಂದ 17 ಮತ್ತು 18ನೇ ಶತಮಾನಗಳಲ್ಲಿ ಫ್ರಾನ್ಸ್, ಜರ್ಮನಿ ಮೊದಲಾದ ಕಡೆ ತಗಡಿನ ಅಚ್ಚುಗಳಿಂದ ಒಂದೊಂದೇ ಅಕ್ಷರವನ್ನು ಮೂಡಿಸಿ ಇಡಿಯ ಗಾನಗ್ರಂಥಗಳನ್ನು ಸಿದ್ಧಪಡಿಸಿದರು. ಎಂತಹ ತಾಳ್ಮೆ ಬೇಕಿದ್ದಿರಬೇಕು!

ಈ ಕೆಲಸದ ತೊಡಕೆಲ್ಲ ಅಕ್ಷರದ ಹೊಟ್ಟೆಯಲ್ಲಿದೆ. ಲ್ಯಾಟಿನ್ನಿನ 'ಓ' ಅಕ್ಷರವು ಒಂದು ಉಂಗುರ. ಅದನ್ನು ಪೂರ್ತಿಯಾಗಿ ಕೊರೆದರೆ ನಡುವಿನ ಬಿಲ್ಲೆಯೇ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ತಗಡಿನ ಸಣ್ಣ ಸೇತುವೆಗಳನ್ನು ಕೊರೆಯದೆ ಬಿಡಬೇಕು. ಮೂಟೆಯ ಮೇಲಿನ ಅಕ್ಷರಗಳು ತುಂಡಾಗಿ ಕಾಣುವುದು ಇದರಿಂದಲೇ. ನಮ್ಮ ಕನ್ನಡದಲ್ಲಂತೂ ಈ ಕಷ್ಟ ಇಮ್ಮಡಿ. ರಕಾರದ ಸುಳಿ, ಠಕಾರದ ವೃತ್ತ, ಕೊನೆಗೆ ಸೊನ್ನೆಗೂ ಸೇತುವೆ ಬೇಕು.

ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ಕುಶಲಕಲೆಗಳನ್ನೆಲ್ಲ ಬರೆದಿಡಲು ಹೊರಟಾಗ, ಜಿಲ್ ಫಿಲೋ ದೆ ಬಿಯೆತ್ ಎಂಬ ವಿದ್ವಾಂಸರು 1690ರ ದಶಕದಲ್ಲಿ ಈ ವಿದ್ಯೆಯನ್ನು ಸವಿಸ್ತಾರವಾಗಿ ವರ್ಣಿಸಿದರು. ಅಕ್ಷರದ ಜೊತೆಗೇ ತಗಡಿನಲ್ಲಿ ಸಣ್ಣ ಚುಕ್ಕೆಯೊಂದನ್ನೂ ಕೊರೆಯುತ್ತಿದ್ದರು. ಕಾಗದದ ಮೇಲೆ ಮೂಡಿದ ಆ ಚುಕ್ಕೆಯೇ ಮುಂದಿನ ಅಕ್ಷರವನ್ನಿಡುವ ಸ್ಥಳವನ್ನು ತೋರುತ್ತಿತ್ತು. ಹೀಗೆ ಅಂತರ ತಪ್ಪದೆ ಸಾಲು ನೇರವಾಗಿ ಸಾಗುತ್ತಿತ್ತು. ಬರಹವೇನೋ ಉಳಿಯಿತು, ಆದರೆ ಅಚ್ಚಾಗದೆ ಹಸ್ತಪ್ರತಿಯಾಗಿಯೇ ಉಳಿಯಿತು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನರು 1781ರಲ್ಲಿ ಪ್ಯಾರಿಸಿನ ಬೆರಿ ಎಂಬ ಕುಶಲಿಯಿಂದ ಇಂತಹ ಅಚ್ಚುಗಳ ಪೆಟ್ಟಿಗೆಯೊಂದನ್ನು ಕೊಂಡರು. ಸ್ವತಃ ಮುದ್ರಣಕಾರರಾಗಿದ್ದವರು ತಗಡಿನ ಅಕ್ಷರಗಳಿಗೆ ಮನಸೋತದ್ದು ನಮಗೆ ವಿನೋದವೆನಿಸುತ್ತದೆ. ಆ ಅಚ್ಚುಗಳು ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯಲ್ಲಿವೆ.

ಮಠಗಳ ಗ್ರಂಥಗಳಿಗೆ ಆ ಭಾಗ್ಯವಿರಲಿಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಮಠಗಳನ್ನು ಮುಚ್ಚಿದಾಗ ಅವುಗಳ ಪುಸ್ತಕಗಳೂ ಚದರಿಹೋದವು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನಭಾಷೆಗೆ ಎಡೆಗೊಟ್ಟ ಮೇಲೆ ಲ್ಯಾಟಿನ್ ಗಾನಗ್ರಂಥಗಳನ್ನು ತೆರೆಯುವವರು ಇನ್ನೂ ವಿರಳರಾದರು. ಜನರು ತಮ್ಮ ನುಡಿಯಲ್ಲಿ ಹಾಡುವುದನ್ನು ಕೇಳಿ ಸಂತೋಷಪಟ್ಟವರಲ್ಲಿ ನಾವೂ ಒಬ್ಬರು. ಆದರೂ ಮೂಲೆಗೆ ಸರಿದ ಆ ಹೊತ್ತಗೆಗಳನ್ನು ನೆನೆದಾಗ ಮನಸ್ಸು ಮಿಡುಕುತ್ತದೆ.

ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಎರಿಕ್ ಕಿಂಡೆಲ್ ಅವರು ಅಕ್ಷರಶಿಲ್ಪಿ ಫ್ರೆಡ್ ಸ್ಮೆಯರ್ಸ್ ಮುಂತಾದವರೊಡಗೂಡಿ, ದೆ ಬಿಯೆತರ ಹಸ್ತಪ್ರತಿಯಲ್ಲಿದ್ದಂತೆಯೇ ಅಚ್ಚುಗಳನ್ನೂ ಸಲಕರಣೆಗಳನ್ನೂ ಮತ್ತೆ ಮಾಡಿದರು. ಮೂರು ಶತಮಾನಗಳ ಹಿಂದೆ ಬರೆದ ಮಾತುಗಳನ್ನು ಅನುಸರಿಸಿ ಅವರ ಕುಂಚವು ಕಾಗದದ ಮೇಲೆ ಪುನಃ ಅಕ್ಷರಗಳನ್ನು ಮೂಡಿಸಿತು.