ಕಲ್ಲು ಹೊತ್ತವರು ಕಟ್ಟಿದ ಶಾಲೆ

ಮಂಜೂರಾತಿ ಆದೇಶ, ದಾಖಲಾತಿ ಪುಸ್ತಕ, ಹಾಜರಾತಿ ಪುಸ್ತಕಗಳಲ್ಲಿ ಸಿಗುವುದು ಒಂದು ಶಾಲೆಯ ಅರ್ಧ ಚರಿತ್ರೆ ಮಾತ್ರ. ಉಳಿದರ್ಧ ಊರಿನ ಹಿರಿಯರ ಬಾಯಲ್ಲಿದೆ. ಅವರಿಂದ ಕೇಳಿದ್ದನ್ನೂ, 2001ರಿಂದ 2004ರವರೆಗೆ ಇಲ್ಲಿ ಓದಿದ ನಮ್ಮ ತಂಡ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ.

ಶಾಲೆ ಬರುವ ಮೊದಲು

ಐವತ್ತು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಏಳನೇ ತರಗತಿಯವರೆಗಿನ ಮಿಡ್ಲ್ ಸ್ಕೂಲ್ ಮಾತ್ರ ಇತ್ತು. ಮುಂದೆ ಓದಬೇಕೆಂದರೆ ತಾಲ್ಲೂಕು ಕೇಂದ್ರಕ್ಕೇ ಹೋಗಬೇಕು. ಗಂಡುಹುಡುಗರು ಬುತ್ತಿ ಕಟ್ಟಿಕೊಂಡು ನಡೆಯುತ್ತಿದ್ದರು, ಇಲ್ಲವೇ ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿಯುತ್ತಿದ್ದರು. ಹೆಣ್ಣುಮಕ್ಕಳ ಓದು ಏಳಕ್ಕೇ ಮುಗಿಯುತ್ತಿತ್ತು. ಹೈಸ್ಕೂಲು ಬೇಕೆಂದು ಊರಿನವರು ಹಟ ಹಿಡಿದದ್ದಕ್ಕೆ ಇದೇ ಮುಖ್ಯ ಕಾರಣ.

ಆದೇಶವೇನೋ ಬಂತು, ಕಟ್ಟಡ ಮಾತ್ರ ಬರಲಿಲ್ಲ. ಸದ್ಯಕ್ಕೆ ಗುಡಿಯ ಪ್ರಾಂಗಣದಲ್ಲಿ ಪಾಠ ಮಾಡಿ ಎಂದು ಕೆಲವರು ಹೇಳಿದರಂತೆ. ಮೊದಲ ಹೆಡ್ ಮೇಷ್ಟ್ರು ಒಪ್ಪಲಿಲ್ಲ. "ಎಲ್ಲ ಕೇರಿಯ ಮಕ್ಕಳೂ ತಲೆಯೆತ್ತಿ ಒಳಗೆ ಬರುವ ಜಾಗ ಬೇಕು" ಎಂದು ಮಿಡ್ಲ್ ಸ್ಕೂಲಿನ ಜಗುಲಿಯಲ್ಲೇ ಎಂಟನೇ ತರಗತಿ ಶುರುಮಾಡಿದರು. ನಮ್ಮ ಶಾಲೆಯ ನಿಜವಾದ ಅಡಿಗಲ್ಲು ಅದೇ ಎಂದು ನಾನು ತಿಳಿದಿದ್ದೇನೆ.

ರಾಗಿ, ನಾಟಕ ಮತ್ತು ಮುಯ್ಯಿ

ಕಟ್ಟಡಕ್ಕೆ ದುಡ್ಡು ಕೂಡಿಸುವುದು ಸುಲಭವಿರಲಿಲ್ಲ. ರೈತರ ಕೈಯಲ್ಲಿ ರೊಕ್ಕ ಓಡಾಡುವ ಕಾಲ ಅದಲ್ಲ. ಸುಗ್ಗಿಯಲ್ಲಿ ಕಮಿಟಿಯವರು ಗಾಡಿ ಹೂಡಿಕೊಂಡು ಕಣದಿಂದ ಕಣಕ್ಕೆ ಹೋಗಿ ರಾಗಿ ಎತ್ತಿದರು. ಸಿದ್ಧಗಂಗಾ ಮಠದ ದಾಸೋಹಕ್ಕೆ ರಾಗಿ ಕೊಟ್ಟು ರೂಢಿಯಿದ್ದ ನಮ್ಮ ತುಮಕೂರು ಸೀಮೆಯ ಜನಕ್ಕೆ ಇದು ಹೊಸದೇನಲ್ಲ. ಸೇರು ಕೊಟ್ಟವರೂ ಇದ್ದರು, ಮೂಟೆ ಕೊಟ್ಟವರೂ ಇದ್ದರು.

ಅದೂ ಸಾಲದಾದಾಗ "ಕುರುಕ್ಷೇತ್ರ" ನಾಟಕ ಆಡಿದರು. ನಮ್ಮ ಕಡೆ ಪಾತ್ರ ಮಾಡುವವರೇ ದುಡ್ಡು ಕಟ್ಟುವುದು ವಾಡಿಕೆ; ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ ಕಳೆದು ಉಳಿದದ್ದೆಲ್ಲ ಶಾಲೆಗೆ ಎಂದು ಮೊದಲೇ ಮಾತಾಗಿತ್ತು. ನಾಟಕದ ನಡುವೆ ನೆಂಟರು ಪಾತ್ರಧಾರಿಗಳಿಗೆ ಮಾಡಿದ ಮುಯ್ಯಿಯನ್ನೂ ಮೈಕಿನಲ್ಲಿ ಕೂಗಿ ಹೇಳಿ ಶಾಲೆಯ ಹುಂಡಿಗೆ ಹಾಕಿದರು. ಕೌರವ, ಪಾಂಡವರಿಬ್ಬರೂ ಕೂಡಿ ಹೈಸ್ಕೂಲಿಗೆ ಹೆಂಚು ಹೊದಿಸಿದರು ಎಂದು ಹಿರಿಯರು ಇಂದಿಗೂ ನಗುತ್ತಾರೆ.

ದುಡ್ಡು, ಕಾಳು ಎರಡೂ ಇಲ್ಲದ ಮನೆಗಳಿಂದ ಮನೆಗೊಂದಾಳು ಕೆಲಸಕ್ಕೆ ಬಂತು. ಬಂಡೆಯಿಂದ ಕಲ್ಲು ಹೊತ್ತವರು, ಪಾಯ ತೋಡಿದವರು, ಮಣ್ಣು ಕಲಸಿದವರು ಹೆಚ್ಚಾಗಿ ಕೂಲಿಯ ಕುಟುಂಬಗಳವರೇ. ಅವರಿಗೆ ಒಂದು ದಿನದ ದುಡಿಮೆ ಎಂದರೆ ಒಂದು ದಿನದ ಕೂಲಿ, ಅಂದರೆ ಅಂದಿನ ಊಟ. ಆ ಲೆಕ್ಕದಲ್ಲಿ ನೋಡಿದರೆ ಎಲ್ಲರಿಗಿಂತ ದೊಡ್ಡ ದಾನ ಅವರದೇ.

ಬರಗಾಲದ ಹುಣಸೆಹಣ್ಣು

ನಾವು ಎಂಟನೇ ತರಗತಿಗೆ ಸೇರಿದ 2001ರಿಂದ ರಾಜ್ಯಕ್ಕೆ ಸತತ ಮೂರು ವರ್ಷ ಬರ. ರಾಗಿ ಕೇಳಲು ಯಾರ ಮನೆ ಬಾಗಿಲಿಗೆ ಹೋಗುವುದು? ಆದರೆ ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕೇ ಬೇಕಿತ್ತು. ಮಧ್ಯಾಹ್ನ ಮನೆಗೆ ಹೋದ ಹುಡುಗಿಯರಲ್ಲಿ ಎಷ್ಟೋ ಮಂದಿ ಮತ್ತೆ ಬರುತ್ತಿರಲಿಲ್ಲ. ಕೆಲವರು ಶಾಲೆಯನ್ನೇ ಬಿಟ್ಟರು. ಯಾವ ಕಾರಣಕ್ಕೆ ಊರಿಗೆ ಶಾಲೆ ತಂದಿದ್ದರೋ ಆ ಕಾರಣವೇ ಸೋಲುತ್ತಿತ್ತು.

ಮಳೆ ಇಲ್ಲದಿದ್ದರೂ ಹುಣಸೆ ಮರ ಕೈಬಿಡುವುದಿಲ್ಲ. ಶಾಲೆಯ ಮರಗಳ ಜೊತೆಗೆ ಊರಿನವರು ತಮ್ಮ ಬದುವಿನ ಒಂದೊಂದು ಮರವನ್ನು ಬಿಟ್ಟುಕೊಟ್ಟರು. 2003ರ ಬೇಸಿಗೆಯ ಆರಂಭದಲ್ಲಿ ಸಂಜೆ ಹೊತ್ತು ದೊಡ್ಡವರು ಬಡಿದರೆ ನಾವು ಆಯುತ್ತಿದ್ದೆವು. ಸಿಪ್ಪೆ ಬಿಡಿಸಲು ಒಂದು ಗುಂಪು, ಕುಟ್ಟಿ ಬೀಜ ತೆಗೆಯಲು ಒಂದು ಗುಂಪು, ತೂಕ ಬರೆಯಲು ಇಬ್ಬರು. ಬೀಜ ತೆಗೆದ ಹಣ್ಣಿಗೆ ತುಮಕೂರು ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು ಎಂದು ಹೇಳಿಕೊಟ್ಟವರು ನಮ್ಮ ತಾಯಂದಿರು. ಕುಟ್ಟುವ ಕೆಲಸಕ್ಕೂ ಅವರೇ ಜೊತೆಯಾದರು. ಹೊಂಗೆ ಬೀಜವನ್ನೂ ಆರಿಸಿ ಮಾರಿದೆವು.

ಪ್ರತಿ ಶನಿವಾರ ಪ್ರಾರ್ಥನೆಯಾದ ಮೇಲೆ ಆ ವಾರದ ಜಮಾ ಖರ್ಚನ್ನು ಒಬ್ಬ ವಿದ್ಯಾರ್ಥಿ ಓದಬೇಕು, ಅದು ಹೊರಗೋಡೆಯ ಕಪ್ಪು ಹಲಗೆಯ ಮೇಲೂ ಇರಬೇಕು ಎಂಬುದು ನಮ್ಮ ಮೇಷ್ಟ್ರ ನಿಯಮ. ದಾರಿಯಲ್ಲಿ ಹೋಗುವವರು ನಿಂತು ಓದುತ್ತಿದ್ದರು. ಲೆಕ್ಕ ನೋಡಿ ನಂಬಿಕೆ ಬಂದವರಲ್ಲಿ ಒಬ್ಬರು ಮರಳು ಹೊಡೆಸಿದರು, ಒಬ್ಬರು ಬಾಗಿಲು ಮಾಡಿಸಿಕೊಟ್ಟರು, ಗಾರೆ ಕೆಲಸದ ಪೋಷಕರೊಬ್ಬರು ಅರ್ಧ ಕೂಲಿ ಬಿಟ್ಟರು. ಗೋಡೆಗೆ ನೀರು ಉಣಿಸಲು ರಜೆಯಲ್ಲೂ ಸರದಿಯಂತೆ ಬಿಂದಿಗೆ ಹೊತ್ತೆವು. ಜೂನ್‌ನಲ್ಲಿ ಶಾಲೆ ತೆರೆದಾಗ ಶೌಚಾಲಯ ಸಿದ್ಧವಾಗಿತ್ತು. ಆ ವರ್ಷ ಮಧ್ಯಾಹ್ನದ ಹಾಜರಿಯಲ್ಲಿ ಹುಡುಗಿಯರ ಹೆಸರು ತಪ್ಪಲಿಲ್ಲ.

ಇಂದಿನ ಕೆಲಸ

ಮುಂದೆ 2006-07ರಲ್ಲಿ ಸರ್ಕಾರದ ಸೈಕಲ್ ಬಂತು, 2007-08ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಪ್ರೌಢಶಾಲೆಗೂ ಬಂತು. ಇವು ಮಕ್ಕಳ ಹಕ್ಕು. ಸರ್ಕಾರ ಮಾಡಬೇಕಾದ್ದನ್ನು ಊರು ದೇಣಿಗೆ ಎತ್ತಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತಾನು ಕಲ್ಲು ಹೊತ್ತು ಕಟ್ಟಿದ ಶಾಲೆಯನ್ನು ಊರು ಅಷ್ಟು ಸುಲಭವಾಗಿ ಕೈಬಿಡುವುದಿಲ್ಲ. ಬೆಳಗಾದರೆ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಊರಿಗೆ ಬಂದು ನಿಲ್ಲುವ ಈ ದಿನಗಳಲ್ಲಿ ನಮ್ಮ ಶಾಲೆಗೆ ಬೇಕಾಗಿರುವುದು ಆ ಮಮತೆ.

ಹಳೆಯ ವಿದ್ಯಾರ್ಥಿಗಳಾದ ನಾವು ಇಂದು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕುಳಿತು ಫೋನಿನಲ್ಲಿ ಒಂದು ನಿಮಿಷಕ್ಕೆ ಹಣ ಕಳಿಸಬಹುದು. ಕಳಿಸೋಣ. ಅದರ ಜೊತೆಗೆ ವರ್ಷಕ್ಕೆರಡು ದಿನವಾದರೂ ಬಂದು ಗಣಿತವನ್ನೋ ಕಂಪ್ಯೂಟರನ್ನೋ ಹೇಳಿಕೊಡೋಣ. ಸುವರ್ಣ ಮಹೋತ್ಸವದ ಲೆಕ್ಕವನ್ನೂ ಹಳೆಯ ಪದ್ಧತಿಯಂತೆ ಹಲಗೆಯ ಮೇಲೆ ಬರೆದು ಊರಿಗೆ ತೋರಿಸೋಣ.

ಕೊನೆಯದಾಗಿ ಒಂದು ಕೋರಿಕೆ. ಮುಂಬಾಗಿಲ ಪಕ್ಕದ ದಾನಿಗಳ ಶಿಲಾಫಲಕದಲ್ಲಿ ಹಣ ಕೊಟ್ಟವರ ಹೆಸರುಗಳಿವೆ. ಕಲ್ಲು ಹೊತ್ತವರ ಹೆಸರಿಲ್ಲ. ಅವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಮನೆ ಮನೆಗೆ ಹೋಗಿ ಕೇಳಿ, ಹೆಸರು ಬರೆದುಕೊಂಡು, ಅದೇ ಅಳತೆಯ ಇನ್ನೊಂದು ಕಲ್ಲನ್ನು ಅದರ ಪಕ್ಕದಲ್ಲೇ ನಿಲ್ಲಿಸೋಣ. ಐವತ್ತು ವರ್ಷದ ಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇರೆ ಇರಲಾರದು.

(ಲೇಖಕರು ಶಾಲೆಯ 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ; ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್)