ಸಿರಸಂಗಿಯ ದಫ್ತರವೂ ಹೊಸ ಕಾರಕೂನನೂ

ಸವದತ್ತಿ ತಾಲೂಕಿನ ಸಿರಸಂಗಿಯ ಹೆಸರನ್ನು ಕೇಳಿದೊಡನೆ ಅಲ್ಲಿಯ ಕಾಳಿಕಾದೇವಿಯನ್ನೂ, ಆಕೆಯ ದರ್ಶನಕ್ಕೆಂದು ನಾಡಿನ ನಾನಾ ಭಾಗಗಳಿಂದ ಬರುವ ವಿಶ್ವಕರ್ಮರನ್ನೂ, ದೇಸಗತಿಯ ಸಂಪತ್ತನ್ನು ವಿದ್ಯೆಗಾಗಿ ಧಾರೆಯೆರೆದ ತ್ಯಾಗವೀರ ಲಿಂಗರಾಜ ದೇಸಾಯರನ್ನೂ ನೆನೆಯುವುದು ನಮ್ಮ ಭಾಗದವರ ವಾಡಿಕೆ. ಆದರೆ ಯಾವ ದೇಸಗತಿಯೂ ಕೇವಲ ಕುದುರೆ ಕತ್ತಿಗಳಿಂದ ನಡೆದುದಲ್ಲ. ಸನದು, ಪಾವತಿ, ತಕರಾರು, ಜಬಾಬುಗಳನ್ನು ಬರೆದು, ನಕಲು ಮಾಡಿ, ಬಟ್ಟೆಯಲ್ಲಿ ಸುತ್ತಿ ಕಟ್ಟಿಟ್ಟು, ಬೇಕೆಂದಾಗ ಬೇಕಾದ ಕಾಗದವನ್ನು ತೆಗೆದುಕೊಡುತ್ತಿದ್ದ ಕಾರಕೂನನ ಬೆನ್ನಿನ ಮೇಲೆ ಅದು ನಿಂತಿದ್ದಿತು. ಈಗ ಗಣಕಯಂತ್ರದೊಳಗೆ ಕುಳಿತು ಇವೇ ಕೆಲಸಗಳನ್ನು ನಮ್ಮ ಅಪ್ಪಣೆಯಂತೆ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಕಾರಕೂನನು ಬಂದಿರುವುದರಿಂದ, ಹಳಬನ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಅನುಚಿತವಾಗಲಾರದು.

ಪರಗಣೆಯ ಕಂದಾಯವನ್ನು ಎತ್ತಿ ಸರಕಾರಕ್ಕೆ ಸಲ್ಲಿಸತಕ್ಕ ವಂಶಪಾರಂಪರ್ಯದ ಅಧಿಕಾರಿ ದೇಸಾಯಿ. ಅದರ ಲೆಕ್ಕವನ್ನು ಬರೆಯತಕ್ಕವನು ದೇಶಪಾಂಡೆ. ಊರಿನ ಮಟ್ಟಿಗೆ ಇದೇ ಜೋಡಿಯು ಗೌಡ, ಕುಲಕರ್ಣಿ ಎಂಬ ಹೆಸರುಗಳಿಂದ ಚಾವಡಿಯಲ್ಲಿ ಕುಳಿತಿರುತ್ತಿದ್ದಿತು. ವಸೂಲು ಮಾಡುವ ಕೈಯೂ ಬರೆಯುವ ಕೈಯೂ ಬೇರೆಬೇರೆಯಾಗಿದ್ದುದರಿಂದ ಒಬ್ಬನ ಮೇಲೆ ಮತ್ತೊಬ್ಬನ ಕಣ್ಣಿರುತ್ತಿದ್ದಿತೆಂಬುದು ಈ ವ್ಯವಸ್ಥೆಯ ಜಾಣತನ. ಇಬ್ಬರೂ ಒಂದಾದರೆ ರೈತನಿಗೆ ದಿಕ್ಕಿಲ್ಲವೆಂಬುದು ಅದರ ದೌರ್ಬಲ್ಯ. ಕನ್ನಡ ನಾಡಿನ ಲೆಕ್ಕಿಗರು ಹಿಂದೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದ ಆ ಸೌಕರ್ಯವು ಎಷ್ಟು ಜನರ ಹೊಲವನ್ನು ಎಷ್ಟು ಕಿರಿದುಗೊಳಿಸಿತೋ ದೇವರೇ ಬಲ್ಲ. ಮರಾಠರ ಆಡಳಿತವು ನೆಲೆಗೊಂಡ ಮೇಲೆ ನಮ್ಮ ಭಾಗದ ದಫ್ತರಗಳಲ್ಲಿ ಕಾಗದವೂ, ಲೆಕ್ಕಣಿಕೆಯನ್ನು ಎತ್ತದೆ ಒಂದೇ ಓಟದಲ್ಲಿ ಗೀಚುವ ಮೋಡಿ ಲಿಪಿಯೂ ಬಳಕೆಗೆ ಬಂದುವು. ಕನ್ನಡವನ್ನಾಡುವ ರೈತನ ಹೊಲ, ಹಕ್ಕು, ಸಾಲಗಳೆಲ್ಲವೂ ಆತನು ಓದಲಾರದ ಭಾಷೆಯಲ್ಲಿ, ಓದಬಲ್ಲವರೂ ತಡವರಿಸುವ ಲಿಪಿಯಲ್ಲಿ ಬರೆಯಲ್ಪಡುತ್ತಿದ್ದುವು. ತನ್ನ ಪರವಾಗಿ ಬರೆದುದನ್ನು ತಾನೇ ಪರೀಕ್ಷಿಸಲಾರದ ಯಜಮಾನನ ಈ ಅವಸ್ಥೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಾಗದದ ಮೇಲಿನ ರುಜುವೊಂದು ರಾಜ್ಯವನ್ನೇ ಕಳೆದೀತೆಂಬುದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಕಿತ್ತೂರಿನ ಶಿವಲಿಂಗರುದ್ರ ಸರ್ಜನು 1824ರಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ, ಆತನು ದತ್ತಕವನ್ನು ಸ್ವೀಕರಿಸಿದುದಾಗಿ ತಿಳಿಸುವ ಪತ್ರವು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಗೆ ಸೇರಿತು. ಅದರ ರುಜುವಿನ ವಿಷಯದಲ್ಲಿ ಥ್ಯಾಕರೆ ಸಂಶಯ ತಾಳಿದನು. ಸಂಶಯದಿಂದ ಬೀಗಮುದ್ರೆ, ಬೀಗಮುದ್ರೆಯಿಂದ ವಿರೋಧ, ವಿರೋಧದಿಂದ ಯುದ್ಧ. ಅಕ್ಟೋಬರ್ 23ರಂದು ಥ್ಯಾಕರೆಯೇ ಕಿತ್ತೂರಿನ ಕೋಟೆಯ ಮುಂದೆ ಹತನಾದನು. ಕುಂಪಣಿಯ ರಾಜ್ಯದಾಹವೇ ಈ ಯುದ್ಧದ ಮೂಲವೆಂಬುದು ನಿಜ. ಆದರೂ ಆ ದಾಹಕ್ಕೆ ನೆಪವನ್ನು ಒದಗಿಸಿದುದು ಬರೆದ ಕೈ ಯಾರದು, ಸಮ್ಮತಿಸಿದ ಮನಸ್ಸು ಯಾರದು ಎಂಬ ಪ್ರಶ್ನೆ. ನೆರೆಯ ನರಗುಂದದ ಬಾಬಾಸಾಹೇಬನು 1858ರಲ್ಲಿ ಬಂಡೆದ್ದುದಕ್ಕೂ ದತ್ತಕದ ಅನುಮತಿ ದೊರೆಯದಿದ್ದುದು ಒಂದು ಕಾರಣ. ಇವೆರಡರ ನಡುವೆ, 1843ರಲ್ಲಿ ಮೊದಲಾಗಿ 1852ರ ಕಾಯಿದೆಯಿಂದ ಬಲಗೊಂಡ ಇನಾಮು ವಿಚಾರಣೆಯು ದಕ್ಷಿಣ ಮರಾಠಾ ಸೀಮೆಯ ವತನದಾರರೆಲ್ಲರಿಗೂ ‘ನಿಮ್ಮ ಸನದು ಎಲ್ಲಿ?’ ಎಂದು ಕೇಳಿತು. ಕಾಗದವನ್ನು ಜೋಪಾನವಾಗಿ ಕಟ್ಟಿಟ್ಟವರ ಮನೆ ಉಳಿಯಿತು; ಗೆದ್ದಲಿಗೆ ಕೊಟ್ಟವರ ಇನಾಮು ಖಾಲಸಾ ಆಯಿತು.

ಇಂಥ ಕಾಲದ ಅಂಚಿನಲ್ಲಿ, 1861ರಲ್ಲಿ ಜನಿಸಿದ ಲಿಂಗರಾಜರೂ ಸಿರಸಂಗಿಯ ವಾಡೆಗೆ ದತ್ತಕಪುತ್ರರಾಗಿಯೇ ಬಂದವರು. ದತ್ತಕದ ಹಕ್ಕು ರಕ್ತದಿಂದಲ್ಲದೆ ಪತ್ರದಿಂದ ಸಿದ್ಧವಾಗತಕ್ಕುದಾದಕಾರಣ, ಬರೆಹದ ಬೆಲೆಯನ್ನು ಅವರಷ್ಟು ಚೆನ್ನಾಗಿ ಬಲ್ಲವರು ವಿರಳವಾಗಿದ್ದಿರಬೇಕು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಅವರು 1906ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಮರಣಪತ್ರದಿಂದ ದೇಸಗತಿಯ ಆಸ್ತಿಯು ಲಿಂಗಾಯತ ಸಮಾಜದ ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಾಯಿತು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜು ಅವರ ಹೆಸರನ್ನೇ ಧರಿಸಿತು. ಆ ಮರಣಪತ್ರದ ಅಕ್ಷರಗಳನ್ನು ಬರೆದ ಕೈಯಾವುದೆಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ತೀರ್ಮಾನ ಅವರದು, ರುಜು ಅವರದು.

ಕುಲಕರ್ಣಿಯ ವತನವು ಮುಂಬಯಿ ಸರಕಾರದ 1950ರ ಕಾಯಿದೆಯಿಂದ ರದ್ದಾಗಿ, ಅವನ ಗಾದಿಗೆ ಸಂಬಳದ ತಲಾಠಿ ಬಂದನು. ದಫ್ತರ ಮಾತ್ರ ಅದೇ ಉಳಿಯಿತು. ಉತಾರ ಬೇಕಾದವನು ತಲಾಠಿಯ ಮನೆಯ ಕಟ್ಟೆಯ ಮೇಲೆ ಕಾದು ಕುಳಿತುಕೊಳ್ಳುವುದೂ ತಪ್ಪಲಿಲ್ಲ. ಅದು ತಪ್ಪಿದ್ದು 2000ದ ಸುಮಾರಿಗೆ ಭೂಮಿ ಯೋಜನೆಯು ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಹದಿನೈದು ರೂಪಾಯಿಗೆ ತಾಲೂಕಿನ ಕಿಂಡಿಯಲ್ಲಿ ಪ್ರತಿ ಕೊಡಲು ತೊಡಗಿದಾಗ. ಈ ಯೋಜನೆಯನ್ನು ರೂಪಿಸಿದವರು ಹಳೆಯ ಚಾವಡಿಯ ಜಾಣತನವನ್ನು ಬಿಡಲಿಲ್ಲವೆಂಬುದು ನನಗೆ ಮೆಚ್ಚಿಕೆಯಾದ ಸಂಗತಿ: ಗಣಕಕ್ಕೆ ತುಂಬುವವನು ಒಬ್ಬ, ಅದನ್ನು ಹಳೆಯ ವಹಿಯೊಡನೆ ತಾಳೆ ನೋಡುವವನು ಮತ್ತೊಬ್ಬ, ತಿದ್ದುಪಡಿ ಮಾಡುವ ಅಧಿಕಾರಿಯು ಬೆರಳಚ್ಚು ಕೊಟ್ಟಲ್ಲದೆ ಒಳಗೆ ಪ್ರವೇಶಿಸುವಂತಿಲ್ಲ, ಅನಂತರ ‘ನಾನು ಮಾಡಿಲ್ಲ’ ಎನ್ನುವಂತೆಯೂ ಇಲ್ಲ. ಹೀಗಿದ್ದರೂ ಬರೆಹದ ಹೊರೆ ಇಳಿಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ, ಈಗ ತಲಾಠಿಯ ಸ್ಥಾನದಲ್ಲಿರುವ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ, ಒಂದರ ಮೇಲೊಂದು ಹೇರಿದ ಮೊಬೈಲ್ ಆ್ಯಪುಗಳ ಭಾರವು ಅವರ ಮುಖ್ಯ ದೂರುಗಳಲ್ಲಿ ಸೇರಿದ್ದಿತು. ಯಂತ್ರವು ಕಾರಕೂನನನ್ನು ಬಿಡುಗಡೆಗೊಳಿಸುವ ಬದಲು ತನಗೇ ಕಾರಕೂನನನ್ನಾಗಿ ಮಾಡಿಕೊಂಡಿತೆನ್ನಬೇಕು.

ಈ ಹೊರೆಯನ್ನು ಹೊರುವೆನೆಂದು ಬಂದವನೇ ಹೊಸ ಕಾರಕೂನ. 2024ರ ಅಕ್ಟೋಬರಿನಲ್ಲಿ ಅಮೆರಿಕದ ಆಂತ್ರೊಪಿಕ್ ಸಂಸ್ಥೆಯು ತನ್ನ ಕ್ಲಾಡ್ ಎಂಬ ಮಾದರಿಗೆ ಗಣಕದ ಪರದೆಯನ್ನು ನೋಡಿ, ಮೌಸನ್ನು ಸರಿಸಿ, ಕೀಲಿಗಳನ್ನೊತ್ತುವ ಶಕ್ತಿಯನ್ನು ಪ್ರಾಯೋಗಿಕವಾಗಿ ಕೊಟ್ಟಿತು. 2025ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆಯ ಆಪರೇಟರ್ ಎಂಬ ಇಂಥದೇ ಏಜೆಂಟು ಬಂದಿತು. ಸಹಕಾರಿ ಸಂಘದ ಕಾರ್ಯದರ್ಶಿಯೊಬ್ಬರು ‘ಈ ಫೋಲ್ಡರಿನೊಳಗಿನ ಪಾವತಿಗಳನ್ನೆಲ್ಲ ತಿಂಗಳವಾರು ವಿಂಗಡಿಸಿ ತಖ್ತೆ ಮಾಡು, ಬಾಕಿದಾರರಿಗೆ ಪತ್ರದ ಕರಡು ಸಿದ್ಧಪಡಿಸು’ ಎಂದು ಬರೆದರೆ, ಇಂಥ ಏಜೆಂಟು ಕಡತಗಳನ್ನು ತಾನೇ ತೆರೆದು, ಓದಿ, ಹೆಸರಿಟ್ಟು, ಕೂಡಿಸಿ, ಅರ್ಧ ದಿನದ ಕೆಲಸವನ್ನು ಚಹಾ ಕುಡಿದು ಬರುವಷ್ಟರಲ್ಲಿ ಮುಂದಿಟ್ಟೀತು. ಇದು ಸಣ್ಣ ಉಪಕಾರವಲ್ಲ. ಆದರೆ ಮಸುಕಾದ ಅಂಕಿಯನ್ನು ಕಂಡಾಗ ‘ಓದಲಾಗಲಿಲ್ಲ’ ಎನ್ನುವ ಬದಲು ನಂಬತಕ್ಕಂಥ ಅಂಕಿಯೊಂದನ್ನು ತುಂಬಿಬಿಡುವುದೂ, ಓದಲೆಂದು ಕೊಟ್ಟ ಕಾಗದದೊಳಗೇ ಪರರು ಅಡಗಿಸಿಟ್ಟ ಸೂಚನೆಯನ್ನು ಯಜಮಾನನ ಅಪ್ಪಣೆಯೆಂದು ಭ್ರಮಿಸುವುದೂ ಇದಕ್ಕೆ ಉಂಟು. ಕುಲಕರ್ಣಿಯು ಸುಳ್ಳು ಬರೆದರೆ ಅದರ ಹಿಂದೆ ಒಂದು ಲಾಭವಿರುತ್ತಿದ್ದಿತು, ಲಾಭದ ಜಾಡು ಹಿಡಿದು ಅವನನ್ನು ಹಿಡಿಯಬಹುದಾಗಿದ್ದಿತು. ಇದರ ತಪ್ಪಿಗೆ ಲಾಭವೂ ಇಲ್ಲ, ಲಜ್ಜೆಯೂ ಇಲ್ಲ, ಅಕ್ಷರವಂತೂ ಸದಾ ಮುತ್ತು ಪೋಣಿಸಿದಂತೆ. ಆದುದರಿಂದ ಇದಕ್ಕೂ ಒಬ್ಬ ದೇಶಪಾಂಡೆ ಬೇಕು: ಮೂಲ ಕಡತವನ್ನು ಮುಟ್ಟಗೊಡದೆ ನಕಲನ್ನಷ್ಟೇ ಕೊಡತಕ್ಕವನು, ಮೊತ್ತವನ್ನು ಬೇರೆಯಾಗಿ ಕೂಡಿ ನೋಡತಕ್ಕವನು, ಬ್ಯಾಂಕಿನ ಗುಪ್ತಪದವನ್ನೂ ರುಜುವನ್ನೂ ತನ್ನ ಕೈಯಲ್ಲಿಯೇ ಇಟ್ಟುಕೊಳ್ಳತಕ್ಕವನು. ಅಂಥವನಿಲ್ಲದ ಕಚೇರಿಯು ಓದುಬಾರದ ರೈತನಂತೆ ಮೋಡಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತದೆ.

ಮೋಡಿಯ ಮಾತು ಬಂದುದರಿಂದ ಒಂದು ವಿನಂತಿ. ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರು ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ ಆ ಲಿಪಿಯ ಕಟ್ಟುಗಳು ಇನ್ನೂ ಉಳಿದಿರಬಹುದು. ಅವುಗಳನ್ನು ಓದಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಸರಕಾರವು ತಹಶೀಲ್ದಾರ ಕಚೇರಿಗಳ ದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಮನೆಯ ಕಾಗದಗಳಿಗೆ ಮನೆಯವರೇ ಗತಿ. ಅಂಥ ಕಟ್ಟುಗಳನ್ನುಳ್ಳವರು ಈಗಲೇ ಅವುಗಳ ಚಿತ್ರ ತೆಗೆಯಿಸಿ, ಪಟ್ಟಿ ಮಾಡುವ, ಹೆಸರಿಡುವ, ಮೊದಲ ಕರಡು ಓದುವ ಕೆಲಸಕ್ಕೆ ಬೇಕಾದರೆ ಹೊಸ ಕಾರಕೂನನನ್ನು ಹಚ್ಚಲಿ. ಆದರೆ ಆ ಕರಡನ್ನು ಮೋಡಿ ಬಲ್ಲ ಒಬ್ಬ ಹಿರಿಯರ ಮುಂದೆ ಕುಳಿತು ಸಾಲುಸಾಲಾಗಿ ತಿದ್ದಿಸಿ, ತಿದ್ದಿದವರ ರುಜುವನ್ನು ಹಾಕಿಸಿಯೇ ಎತ್ತಿಡಲಿ.